ಊರಿನ ಅಂಚು ಹುಡುಕಲು ಹೋಗಿ ಅಂಗಡಿ ಎಣಿಸಿದ್ದು

ಬೆಂಗಳೂರು ಎಲ್ಲಿಯವರೆಗೆ ಬೆಳೆದಿದೆ ಅಂತ ರಸ್ತೆಬದಿಯ ಅಂಗಡಿ ಎಣಿಸಿ ತಿಳಿಯುವ ಕೆಲಸ ಶುರು ಮಾಡಿದಾಗ ನಮ್ಮ ಮ್ಯಾಪಿಂಗ್ ಗೆಳೆಯರೆಲ್ಲ ನಕ್ಕಿದ್ದರು. "ಸ್ಯಾಟಲೈಟ್ ಇರುವಾಗ ರಸ್ತೆಯಲ್ಲಿ ನಿಂತು ಬೇಕರಿ ಎಣಿಸ್ತೀಯೇನೋ?" ಅಂತ. ಈಗ ಅವರಲ್ಲೇ ಇಬ್ಬರು ನನ್ನ ಎಕ್ಸೆಲ್ ಶೀಟು ಕೇಳುತ್ತಿದ್ದಾರೆ. ಕೊಟ್ಟಿಲ್ಲ.

ಕೆಲಸ ಬಂದದ್ದು ಆರೇಳು ವರ್ಷದ ಹಿಂದೆ. ಬೆಂಗಳೂರಿನ ಪಶ್ಚಿಮದ ಕಡೆ ನಾಲ್ಕು ಮೆಡಿಕಲ್ ಸ್ಟೋರ್ ಇಟ್ಟವರೊಬ್ಬರು ಐದನೆಯದನ್ನು ಮಾಗಡಿ ರಸ್ತೆಯಲ್ಲಿ ಹಾಕಬೇಕು ಅಂತಿದ್ದರು. "ಸಾರ್, ನನಗೆ ಮ್ಯಾಪು ಬೇಡ. ಮೂರು ವರ್ಷಕ್ಕೆ ಊರು ಎಲ್ಲಿಗೆ ಬಂದಿರುತ್ತೆ ಹೇಳಿ, ಈಗಲೇ ಕಡಿಮೆ ಬಾಡಿಗೆಗೆ ಹಿಡಿದುಬಿಡ್ತೀನಿ" ಎಂದರು. ಫೀಸು 60 ಸಾವಿರಕ್ಕೆ ಒಪ್ಪಿಕೊಂಡೆ. ಎಷ್ಟು ಸುಲಭ ಅಂದುಕೊಂಡಿದ್ದೆ ನೋಡಿ.

ಮಾಗಡಿ ರಸ್ತೆ ಈ ಆಟಕ್ಕೆ ಒಳ್ಳೆಯ ರಸ್ತೆ. ಒಳಗಡೆ ಟೋಲ್‌ಗೇಟ್, ಅದನ್ನು ದಾಟಿ ಮುಂದೆ ಸುಂಕದಕಟ್ಟೆ. ಎರಡೂ ಹೆಸರಲ್ಲೇ ಸುಂಕ ಇದೆ. ಒಂದೊಂದು ಕಾಲಕ್ಕೆ ಅಂಚು ಎಲ್ಲಿತ್ತು ಅಂತ ಊರಿನ ಹೆಸರೇ ಹೇಳುತ್ತೆ. ಸರ್ಕಾರಿ ಗಡಿ ಮಾತ್ರ ಈ ಕೆಲಸಕ್ಕೆ ಬರಲ್ಲ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಟ್ಟಿಗೇ ಒಳಗೆ ಬಂದವು. ಗೆರೆ ಒಂದೇ ದಿನಕ್ಕೆ ಹಾರಿತು. ಹಸುಗಳು ಅಲ್ಲೇ ಮೇಯುತ್ತಿದ್ದವು.

ಮೊದಲ ಸೋಲು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದ್ದು. ಮೋಡ ಇಲ್ಲ ಅಂತ ಮಾರ್ಚ್ ಚಿತ್ರ ತೆಗೆದುಕೊಂಡೆ. ಕಟ್ಟಡ ಇರುವ ನೆಲವನ್ನು ಗುರುತಿಸುವ ಎನ್‌ಡಿಬಿಐ ಲೆಕ್ಕ ಹಾಕಿದರೆ, ಅದೇ ರಸ್ತೆಯಲ್ಲಿ ಇನ್ನೂ ಹೊರಗಿರುವ ತಾವರೆಕೆರೆವರೆಗೂ ಊರೋ ಊರು! ನಿಮಗೆ ಗೊತ್ತೇ ಇದೆ, ರಾಗಿ ಕುಯ್ದ ಮೇಲೆ ಬರಿದಾಗಿ ಬಿದ್ದ ಕೆಮ್ಮಣ್ಣಿನ ಹೊಲಕ್ಕೂ ತಾರಸಿ ಮನೆಗೂ ಆ ಲೆಕ್ಕದಲ್ಲಿ ಭೇದ ಇಲ್ಲ. ಆಮೇಲೆ ಪೈರು ನಿಂತಿರುವ ಅಕ್ಟೋಬರ್ ಚಿತ್ರವನ್ನೂ ಜೊತೆಗೆ ಇಟ್ಟೆ. ಎರಡರಲ್ಲೂ ಬೋಳಾಗಿ ಕಂಡದ್ದು ಮಾತ್ರ ಊರು ಅಂತ. ಆಗ ಕಲ್ಲು ಕ್ವಾರಿಗಳೂ ಊರಾದವು.

ಅದಕ್ಕಿಂತ ದೊಡ್ಡ ತೊಂದರೆ ಸೈಟಿನ ಅಳತೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ಅಂದರೆ ನೆಲದ ಮೇಲೆ 30 ಮೀಟರ್ ಚೌಕ, ಅದರೊಳಗೆ 30x40 ಅಡಿಯ ಎಂಟು ಸೈಟು ಕೂರುತ್ತವೆ. ಎಂಟರಲ್ಲಿ ಎರಡು ಮನೆ ಎದ್ದಿದ್ದರೆ ಅದು ಊರೋ, ಹೊಲವೋ? ಸೆಂಟಿನೆಲ್ ಅನ್ನುವ ಇನ್ನೊಂದು ಉಪಗ್ರಹ ಪರವಾಗಿಲ್ಲ. ಅದರ 10 ಮೀಟರ್ ಚುಕ್ಕಿ ಹೆಚ್ಚುಕಮ್ಮಿ ಒಂದು ಸೈಟಿನಷ್ಟು. ಆದರೂ ಮನಸ್ಸು ಕೇಳದೆ ದುಡ್ಡು ಕೊಟ್ಟು ಇನ್ನೂ ಸ್ಪಷ್ಟವಾದ ಚಿತ್ರ ತರಿಸಿದೆ. ನಲವತ್ತು ಸಾವಿರದ ಹತ್ತಿರ ಹೋಯಿತು, ಒಂದು ಮೂಲೆಯಲ್ಲಿ ಮೋಡ ಬೇರೆ. ಚಾವಣಿ ಚೆನ್ನಾಗಿ ಕಂಡಿತು. ಕೆಳಗೆ ಯಾರಾದರೂ ಇದ್ದಾರಾ ಅಂತ ಕಾಣಲಿಲ್ಲ. ಮಾತ್ರೆ ಕೊಳ್ಳೋದು ಚಾವಣಿ ಅಲ್ವಲ್ಲ.

ಕೊನೆಗೆ ಬೈಕ್ ಹತ್ತಿದೆ. ಕಡಬಗೆರೆ ಹತ್ತಿರ ಒಂದು ಲೇಔಟ್, ಸಾಲಾಗಿ ಸೈಟಿನ ಕಲ್ಲು, ನಡುವೆ ರಾಗಿ. ಒಂದು ಕಲ್ಲಿಗೆ ಹಸು ಕಟ್ಟಿತ್ತು. ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯನ್ನು "ಯಾರದಮ್ಮ ಇದು?" ಎಂದು ಕೇಳಿದೆ. "ಮಾರಿ ನಾಕು ವರ್ಷ ಆಯ್ತು ಸ್ವಾಮಿ. ಕೊಂಡೋರು ಮನೆ ಕಟ್ಟಕ್ಕೆ ಬಂದ್ರೆ ಹಸ ಬಿಚ್ಕೋತೀನಿ" ಎಂದಳು. ಕಾಗದದಲ್ಲಿ ಊರು, ಚಿತ್ರದಲ್ಲಿ ಹೊಲ. ಅಲ್ಲಿಂದ ಒಂದು ಕಿಲೋಮೀಟರ್ ಮುಂದೆ, ಇನ್ನೂ ಹೊರಗೆ, ಆಗಲೇ ಎರಡಂತಸ್ತಿನ ಮನೆಗಳು. ಊರು ಚೆಲ್ಲಿದ ನೀರಿನ ಹಾಗೆ ಹರಿಯಲ್ಲ. ರಸ್ತೆ ಹಿಡಿದು ಹಾರುತ್ತೆ, ಬಿಟ್ಟ ಜಾಗವನ್ನು ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತೆ. ಊರು ಮಧ್ಯದಿಂದ ಸುತ್ತು ಸುತ್ತಾಗಿ ಬೆಳೆಯುತ್ತೆ ಅಂತ ಸಮಾಜಶಾಸ್ತ್ರಜ್ಞ ಬರ್ಜೆಸ್ 1925ರಲ್ಲಿ ಶಿಕಾಗೋಗೆ ಬರೆದ ಉಂಗುರಗಳನ್ನು ಇಲ್ಲಿ ಹುಡುಕಿ ನಾನು ಎರಡು ತಿಂಗಳು ಹಾಳು ಮಾಡಿದ್ದೆ. ಅವನ ಉಂಗುರದ ಮಧ್ಯೆ ನಮ್ಮ ಗ್ರಾಮಠಾಣ, ಅಂದರೆ ಹಳ್ಳಿಯ ಹಳೆಯ ಮನೆಗಳ ಜಾಗ, ಇರಲಿಲ್ಲವಲ್ಲ.

ಆಮೇಲೆ ಮಾಡಿದ್ದು ಇಷ್ಟೇ. ಸುಂಕದಕಟ್ಟೆಯಿಂದ ತಾವರೆಕೆರೆವರೆಗೆ, ಸುಮಾರು ಹದಿಮೂರು ಕಿಲೋಮೀಟರ್, ಎರಡೂ ಬದಿಯ ಅಂಗಡಿ ಬರೆದುಕೊಂಡೆ. ದಿನಕ್ಕೆ ತಲಾ ಐನೂರು ರೂಪಾಯಿಯಂತೆ ಇಬ್ಬರು ಹುಡುಗರು, ಹನ್ನೊಂದು ದಿನ. ಆರು ತಿಂಗಳಿಗೊಮ್ಮೆ ಮತ್ತೆ ಅದೇ ಕೆಲಸ. ಮೂರನೇ ಸುತ್ತಿಗೆ ವರಸೆ ಕಂಡಿತು. ಮೊದಲು ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವವನು ಬರುತ್ತಾನೆ. ಹಾಲೋ ಬ್ಲಾಕ್ ಮಾಡುವ ಶೆಡ್ಡು, ಸಿಮೆಂಟು-ಕಬ್ಬಿಣ. ಆಮೇಲೆ ಟೈಲ್ಸು, ಗ್ಲಾಸು-ಅಲ್ಯೂಮಿನಿಯಂ. ಆಮೇಲೆ ಬೇಕರಿ. ಬೇಕರಿ ಬಂದು ವರ್ಷದೊಳಗೆ ಮೆಡಿಕಲ್, ಟ್ಯೂಷನ್ ಬೋರ್ಡು. ಎಲ್ಲಕ್ಕಿಂತ ಒಳ್ಳೆಯ ಗುರುತು ಬ್ಲಾಕ್ ಶೆಡ್ಡು. ನೆಲ ದುಬಾರಿಯಾದ ತಕ್ಷಣ ಅದು ಎದ್ದು ಹೋಗುತ್ತೆ. ಶೆಡ್ಡು ಖಾಲಿಯಾಯಿತು ಅಂದರೆ ಅಲ್ಲಿ ಊರು ಕೂತಿತು ಅಂತ.

ಇನ್ನೂ ಎರಡು ಅಂಗಡಿ ನೋಡುತ್ತೇನೆ. ಯಾವುದು ಅಂತ ಹೇಳಲ್ಲ, ಅದು ನನ್ನ ಅನ್ನ.

ನಡುವೆ ರಾತ್ರಿ ಬೆಳಕಿನ ಚಿತ್ರವನ್ನೂ ನೋಡಿದೆ. ಚುಕ್ಕಿ ಒಂದೊಂದೂ ಅರ್ಧ ಕಿಲೋಮೀಟರ್ ಹತ್ತಿರ. ಕಲ್ಯಾಣ ಮಂಟಪ, ಗೋದಾಮು ಎಲ್ಲ ನಗರದ ಹಾಗೆ ಮಿನುಗಿದವು. ಬಿಟ್ಟೆ. ಮೈಸೂರಿನಲ್ಲಿ ಒಂದು ವಾರ ಅಂಗಡಿ ಎಣಿಸಿದೆ, ಅಲ್ಲಿ ವರಸೆ ಪೂರಾ ತಲೆಕೆಳಗು. 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಂಡ ಊರು ಅದು. ನಾನು ಸುತ್ತಿದ ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಮನೆಗಿಂತ ಮೊದಲೇ ರಸ್ತೆ, ಚರಂಡಿ, ಪಾರ್ಕು. ಹಾಗಾಗಿ ನನ್ನ ಉಪಾಯ ರೆವಿನ್ಯೂ ಸೈಟಿನ, ಅಂದರೆ ಹೊಲವನ್ನೇ ನೇರ ಸೈಟು ಮಾಡಿ ಮಾರಿದ ಸೀಮೆಗೆ ಮಾತ್ರ. ಯಾರಾದರೂ ತುಮಕೂರಿನಲ್ಲಿ ಮಾಡಿ ನೋಡಿದರೆ ತಿಳಿಸಿ.

ಖರ್ಚು ಒಟ್ಟು ಒಂದು ಲಕ್ಷ ದಾಟಿತು, ಪೆಟ್ರೋಲ್ ಬಿಟ್ಟು. ಫೀಸು 60 ಸಾವಿರ ಅಂತ ಆಗಲೇ ಹೇಳಿದೆ. ಮನೆಯಲ್ಲಿ ಇವತ್ತಿಗೂ ಈ ಮಾತು ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆದರೆ ನಾನು ತೋರಿಸಿದ ತಿರುವಿನಲ್ಲೇ ಅವರು ಅಂಗಡಿ ಹಾಕಿದರು. ಮೊದಲ ಹತ್ತು ತಿಂಗಳು ನೊಣ ಹೊಡೆದರು, ನನಗೆ ಫೋನಿನಲ್ಲಿ ಬೈದರು. ಎರಡನೇ ವರ್ಷ ಬೈಯುವುದು ನಿಲ್ಲಿಸಿದರು. ಮೂರನೇ ವರ್ಷ ಪಕ್ಕದ ಮಳಿಗೆಯ ಬಾಡಿಗೆ ಇವರದರ ಎರಡರಷ್ಟಾಗಿತ್ತು. ಆಮೇಲೆ ಇನ್ನೆರಡು ಕೆಲಸ ಅವರೇ ಕೊಡಿಸಿದರು.

ಹೋದ ತಿಂಗಳು ತಾವರೆಕೆರೆ ದಾಟಿ ಹೋಗುವಾಗ ಒಂದು ಬ್ಲಾಕ್ ಶೆಡ್ಡಿನಲ್ಲಿ ಪರಿಚಯದ ಮುಖ. ನನ್ನ ಶೀಟಿನಲ್ಲಿ ಎರಡು ಸಲ "ಖಾಲಿ" ಅಂತ ಬರೆಸಿಕೊಂಡ ಅದೇ ಮಾಲೀಕರು. ಟೀ ಕುಡಿಸಿ, "ಇಲ್ಲಿಂದ ಯಾವಾಗ ಏಳಬೇಕು ಸಾರ್?" ಎಂದರು. ಈ ಸಲ ಫೀಸು ಮೊದಲೇ ಹೇಳಿದೆ.