ಲಂಡನ್ನಿನ ರಾಯಲ್ ಅಕಾಡೆಮಿಗೆ ಹೋಗುವವರಿಗೆ

1768ರಲ್ಲಿ ಸ್ಥಾಪನೆಯಾಗಿ, ಈಗ ಲಂಡನ್ನಿನ ಪಿಕಾಡಿಲಿಯಲ್ಲಿರುವ ರಾಯಲ್ ಅಕಾಡೆಮಿ ಆಫ್ ಆರ್ಟ್ಸ್‌ಗೆ ಹೋಗುವವರು, ವಿಶೇಷ ಪ್ರದರ್ಶನಗಳ ಟಿಕೆಟ್ ದುಬಾರಿಯೆಂದು ಅಂಗಳದಿಂದಲೇ ಹಿಂದಿರುಗಬೇಡಿ. ಸಂಸ್ಥೆಯ ಸ್ವಂತ ಸಂಗ್ರಹದ ಗ್ಯಾಲರಿಗೆ ಪ್ರವೇಶ ಉಚಿತ. ಮೈಕೆಲೇಂಜೆಲೊ ಅಪೂರ್ಣವಾಗಿ ಬಿಟ್ಟ ‘ತಡ್ಡೇಯ್ ತೊಂದೊ’ ಎಂಬ ದುಂಡು ಅಮೃತಶಿಲೆಯ ಉಬ್ಬುಶಿಲ್ಪ ಅಲ್ಲಿದೆ. ಅದನ್ನು ಎದುರಿನಿಂದಷ್ಟೇ ನೋಡದೆ, ತುಸು ಪಕ್ಕಕ್ಕೆ ಸರಿದು ನಿಂತರೆ ಹಿನ್ನೆಲೆಯ ಒರಟು ಉಳಿಗೆರೆಗಳೂ ಶಿಲ್ಪದಲ್ಲಿರುವ ಬಾಲಯೇಸುವಿನ ಮೈಯ ನಯವೂ ಒಟ್ಟಿಗೆ ಕಾಣುತ್ತವೆ. ನನ್ನ ಮಟ್ಟಿಗೆ ಅದೊಂದಕ್ಕಾಗಿಯೇ ಅಲ್ಲಿಗೆ ಹೋಗಬಹುದು. 2018ರಲ್ಲಿ ತೆರೆದ ಸೇತುವೆಯ ಮೂಲಕ ಅಕಾಡೆಮಿಯ ಹಿಂಬದಿಯ ಬರ್ಲಿಂಗ್ಟನ್ ಗಾರ್ಡನ್ಸ್ ಕಟ್ಟಡಕ್ಕೂ ದಾಟಬಹುದು. ದಾರಿಯಲ್ಲಿ, ತಲೆಮಾರುಗಳ ವಿದ್ಯಾರ್ಥಿಗಳು ನೋಡಿ ಚಿತ್ರಿಸುತ್ತಿದ್ದ ಪ್ರಾಚೀನ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳಿರುವ ನೆಲಮಾಳಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಸೋಮವಾರ ಸಾಮಾನ್ಯವಾಗಿ ರಜೆಯಿರುವುದರಿಂದ ಹೊರಡುವ ಮುನ್ನ ಆ ದಿನದ ವೇಳೆಯನ್ನು ವಿಚಾರಿಸಿಕೊಳ್ಳಿ.