ಗಡಿಯಾಚೆಯ ಹಳ್ಳಿಯಲ್ಲಿ ನೆಲೆಸುವ ಮುನ್ನ

ಮೈಸೂರು, ಚಾಮರಾಜನಗರದ ಕಡೆಯವರು ನಿವೃತ್ತಿಯ ಬಳಿಕವೋ, ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿದಾಗಲೋ ಹಳ್ಳಿಯಲ್ಲಿ ನೆಲೆಸುವ ಮನಸ್ಸು ಮಾಡಿದರೆ ಕಣ್ಣು ಗಡಿಯಾಚೆಗೂ ಹೋಗುವುದು ಸಹಜ. ವಯನಾಡಿನ ಸುಲ್ತಾನ್ ಬತ್ತೇರಿ, ನೀಲಗಿರಿಯ ಗೂಡಲೂರು, ಈರೋಡ್ ಜಿಲ್ಲೆಯ ತಾಳವಾಡಿ, ಈ ಮೂರರ ಸುತ್ತಲಿನ ಊರುಗಳೂ ನಮಗೆ ನೆರೆಮನೆಯಷ್ಟೇ ಹತ್ತಿರ. ಆದರೆ ರಾಜ್ಯ ಬದಲಾದೊಡನೆ ಜಮೀನಿನ ಕಾನೂನು, ಕಚೇರಿಯ ಭಾಷೆ, ಮಕ್ಕಳ ಪಾಠ, ಆಸ್ಪತ್ರೆಯ ದಾರಿ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಊರನ್ನು ಆರಿಸುವಾಗ ಹಸಿರು, ಮಂಜು, ಬೆಟ್ಟದ ನೋಟಕ್ಕೆ ಕೊನೆಯ ಸ್ಥಾನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ತಿಳಿಯಬೇಕಾದದ್ದು, ಆ ರಾಜ್ಯದಲ್ಲಿ ನಿಮಗೆ ಕೃಷಿ ಜಮೀನು ಕೊಳ್ಳುವ ಅವಕಾಶ ಇದೆಯೇ ಎಂಬುದು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದ್ದರಿಂದ ಎಲ್ಲೆಡೆಯೂ ಹೀಗೆಯೇ ಎಂದು ನಾವು ಭಾವಿಸಿಬಿಡುತ್ತೇವೆ. ಮಹಾರಾಷ್ಟ್ರದಲ್ಲಿ ಕೊಳ್ಳುವವರು ಕೃಷಿಕರೇ ಆಗಿರಬೇಕು. ಹಿಮಾಚಲ ಪ್ರದೇಶದಲ್ಲಿ 1972ರ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ ಅಲ್ಲಿನ ಕೃಷಿಕರಲ್ಲದವರಿಗೆ ಸರ್ಕಾರದ ಅನುಮತಿ ಬೇಕು. ಕೇರಳ, ತಮಿಳುನಾಡಿನಲ್ಲಿ ಅಂಥ ತಡೆಯಿಲ್ಲ. ಹಾಗೆಂದು ಅಲ್ಲಿ ಯಾವ ಜಮೀನಾದರೂ ಆದೀತೆಂದು ತಿಳಿಯಬಾರದು. ವಯನಾಡಿನಲ್ಲಿ ಗದ್ದೆಯಾಗಿದ್ದ ಜಾಗದಲ್ಲಿ ಮನೆ ಕಟ್ಟಲು ಹೊರಟರೆ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಆ ಸರ್ವೆ ನಂಬರು ಇಂಥ ಗದ್ದೆ, ಜೌಗು ಭೂಮಿಗಳನ್ನು ಗುರುತಿಸಿರುವ 'ಡೇಟಾ ಬ್ಯಾಂಕ್' ಪಟ್ಟಿಯಲ್ಲಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಬೇಕು. ಗೂಡಲೂರಿನಲ್ಲಿ ಇನ್ನೂ ತೊಡಕಿದೆ. ಹಳೆಯ ಜನ್ಮಂ ಎಸ್ಟೇಟುಗಳನ್ನು, ಅಂದರೆ ವಂಶಪಾರಂಪರ್ಯದ ಜಮೀನ್ದಾರಿಗಳನ್ನು, ರದ್ದುಪಡಿಸಿದ 1969ರ ಕಾಯ್ದೆಯ 17ನೇ ಸೆಕ್ಷನ್ ಅಡಿ ಬರುವ ಜಮೀನಿನಲ್ಲಿ ಜನ ಬಹಳ ಕಾಲದಿಂದ ವಾಸವಿದ್ದರೂ ಪಟ್ಟಾ, ಅಂದರೆ ಒಡೆತನದ ದಾಖಲೆ, ಇಲ್ಲ. ಬೆಲೆ ಅಗ್ಗವೆಂದು ಯಾರಾದರೂ ತೋರಿಸಿದರೆ ಪಟ್ಟಾ ಇದೆಯೇ ಎಂದೇ ಮೊದಲು ಕೇಳಬೇಕು. ಮಸಿನಗುಡಿಯ ಸುತ್ತಲಿನ ಆನೆ ಕಾರಿಡಾರನ್ನು, ಅಂದರೆ ಆನೆಗಳ ಓಡಾಟದ ದಾರಿಯನ್ನು, 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ; ಕಾಡಂಚಿನ ತುಂಡು ಜಮೀನಿನ ಆಸೆಯನ್ನು ಅಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು.

ಎರಡನೆಯದು ರಾತ್ರಿಯ ದಾರಿ. ಬಂಡೀಪುರದ ಮೂಲಕ ಬತ್ತೇರಿಗೂ ಗೂಡಲೂರಿಗೂ ಹೋಗುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಉಂಟು, ಆದರೆ ಮಧ್ಯರಾತ್ರಿ ಮೈಸೂರಿನಿಂದ ಮಗ ತನ್ನ ಕಾರಿನಲ್ಲಿ ಹೊರಟು ಬರಲಾರ. ವಯನಾಡಿನಿಂದ ಕೋಳಿಕೋಡಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕಾದರೆ ತಾಮರಶ್ಶೇರಿ ಘಾಟಿಯ ಒಂಬತ್ತು ಹಿಮ್ಮುರಿ ತಿರುವುಗಳನ್ನು ಇಳಿಯಬೇಕು. ಮಳೆಗಾಲದಲ್ಲಿ, ರಜೆಯ ದಿನಗಳಲ್ಲಿ ಅಲ್ಲಿ ವಾಹನಗಳ ಸಾಲು ನಿಂತರೆ ಗಂಟೆಗಟ್ಟಲೆ ಕದಲದು. ತಾಳವಾಡಿಯವರಿಗೆ ಚಾಮರಾಜನಗರವೇ ಹತ್ತಿರದ ಪಟ್ಟಣ, ಆದರೆ ಅವರ ಜಿಲ್ಲಾ ಕೇಂದ್ರವಾದ ಈರೋಡಿಗೆ ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಮನೆಯಲ್ಲಿ ಹೃದ್ರೋಗಿಯೋ ಗರ್ಭಿಣಿಯೋ ಇದ್ದರೆ ನೋಡಿದ ಮನೆಯಿಂದ ಆಸ್ಪತ್ರೆಯ ಬಾಗಿಲಿನವರೆಗೆ ಒಮ್ಮೆ ಕತ್ತಲಾದ ಮೇಲೆಯೇ ಗಾಡಿ ಓಡಿಸಿ ನೋಡಿ.

ನೀರನ್ನು ಏಪ್ರಿಲಿನಲ್ಲಿಯೇ ನೋಡಬೇಕು. ಗೂಡಲೂರಿನ ಕಡೆ ಅಕ್ಟೋಬರಿನಲ್ಲಿ ನಾವು ನೋಡಿದ ಮನೆಯೊಂದರ ಬಾವಿಯಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಂತಿತ್ತು. ಏಪ್ರಿಲಿನಲ್ಲಿ ಮುಂಚಿತವಾಗಿ ತಿಳಿಸದೆ ಮತ್ತೆ ಹೋದಾಗ ಸೇದುವ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಿದ್ದರು. ಗಂಟು ರಾಟೆಗೆ ಬಂದಾಗಲೆಲ್ಲ ತಡೆದು ಹಾರುತ್ತಿತ್ತು, ಮೇಲೆ ಬಂದ ಕೊಡದ ತಳದಲ್ಲಿ ಎರಡು ಬೆರಳು ಕೆಸರಿತ್ತು. ಮನೆಯ ಒಡೆಯರು ಸುಳ್ಳೇನೂ ಹೇಳಿರಲಿಲ್ಲ, ನಾವು ಬೇಸಿಗೆಯ ಮಾತನ್ನೇ ಎತ್ತಿರಲಿಲ್ಲ. ಮಳೆ ಧಾರಾಳವಾಗಿ ಬೀಳುವ ಮಲೆಯಲ್ಲಿಯೇ ಹೀಗಾದರೆ ಮಳೆನೆರಳಿನ ತಾಳವಾಡಿಯಲ್ಲಿ ಅಕ್ಕಪಕ್ಕದ ನಾಲ್ಕಾರು ಕೊಳವೆಬಾವಿಗಳ ಆಳ ಕೇಳದೆ ಮುಂದುವರಿಯುವಂತಿಲ್ಲ. ಇಳಿಜಾರಿನ ಜಾಗವಾದರೆ ಮಳೆಗಾಲದಲ್ಲಿಯೂ ಒಮ್ಮೆ ಹೋಗಬೇಕು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದುಬಂದ ಮೇಲೆ, ತೊರೆಯ ದಡದಲ್ಲೋ ಕಡಿದ ಗುಡ್ಡದ ಬುಡದಲ್ಲೋ ಮನೆ ಹುಡುಕುವವರಿಗೆ ಬೇರೆ ಎಚ್ಚರಿಕೆ ಬೇಕಾಗಿಲ್ಲ.

ಕಾಗದಪತ್ರಗಳ ಹೆಸರೇ ಬೇರೆಯಾಗಿರುವುದರಿಂದ ನಮ್ಮ ಅನುಭವ ಅಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ನಮ್ಮ ಪಹಣಿಯಲ್ಲಿ ಒಡೆತನವೂ ಬೆಳೆಯೂ ಒಂದೇ ಹಾಳೆಯಲ್ಲಿರುತ್ತವೆ. ತಮಿಳುನಾಡಿನಲ್ಲಿ ಒಡೆತನಕ್ಕೆ ಪಟ್ಟಾ, ಬೆಳೆಗೆ ಅಡಂಗಲ್. ಕೇರಳದಲ್ಲಿ ಕ್ರಯಪತ್ರಕ್ಕೆ ಆಧಾರಂ ಎನ್ನುತ್ತಾರೆ, ಖಾತೆ ಬದಲಾವಣೆಗೆ ಪೋಕ್ಕುವರವು. ವಿಲೇಜ್ ಆಫೀಸಿನ ಭೂಕಂದಾಯ ರಸೀದಿಯನ್ನೂ ಕೇಳಿ ಪಡೆಯಬೇಕು. ಅಳತೆಯಲ್ಲಿಯೂ ಎಡವಬಹುದು: ಅಲ್ಲಿ ಗುಂಟೆಯ ಲೆಕ್ಕವಿಲ್ಲ, ಸೆಂಟಿನ ಲೆಕ್ಕ. ಎಕರೆಗೆ ನೂರು ಸೆಂಟು, ಅಂದರೆ ನಮ್ಮ ಒಂದು ಗುಂಟೆಗೆ ಎರಡೂವರೆ ಸೆಂಟು. ತಾಳವಾಡಿಯ ಅಂಗಡಿಬೀದಿಯಲ್ಲಿ ಕನ್ನಡ ಧಾರಾಳವಾಗಿ ನಡೆಯುತ್ತದೆ, ಡಾ. ರಾಜ್‌ಕುಮಾರ್ ಅವರ ಗಾಜನೂರು ಅಲ್ಲಿಯದೇ. ಆದರೆ ತಾಲ್ಲೂಕು ಕಚೇರಿಯ ಕಾಗದ ತಮಿಳಿನಲ್ಲಿರುತ್ತದೆ. ಆ ಭಾಷೆ ಓದಬಲ್ಲ ಸ್ಥಳೀಯ ವಕೀಲರಿಗೆ ಕೊಡುವ ಶುಲ್ಕದಲ್ಲಿ ಚೌಕಾಶಿ ಮಾಡಬೇಡಿ.

ಮಕ್ಕಳಿರುವವರು ಊರಿಗಿಂತ ಮೊದಲು ತರಗತಿಯನ್ನು ಲೆಕ್ಕ ಹಾಕಬೇಕು. ತಮಿಳುನಾಡಿನಲ್ಲಿ 2006ರ ಕಾಯ್ದೆಯಿಂದ ಹತ್ತನೆಯ ತರಗತಿಯವರೆಗೆ ತಮಿಳು ಕಲಿಕೆ ಕಡ್ಡಾಯವಾಯಿತು. ಎಂಟನೆಯ ತರಗತಿಯ ಮಗು ಅಲ್ಲಿ ಅಕ್ಷರಮಾಲೆಯಿಂದ ಆರಂಭಿಸುವುದು ಸುಲಭವಲ್ಲ. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕೆಂದರೆ ಸಾಮಾನ್ಯವಾಗಿ ಇಲ್ಲಿಯೇ ಏಳು ವರ್ಷ ಓದಿರಬೇಕು. ಪರಿಶಿಷ್ಟ ಜಾತಿ, ಪಂಗಡಗಳ ಕುಟುಂಬಗಳು ಇದಕ್ಕಿಂತಲೂ ಹೆಚ್ಚು ಯೋಚಿಸಬೇಕಾಗುತ್ತದೆ, ಏಕೆಂದರೆ ವಲಸೆ ಹೋದ ರಾಜ್ಯದಲ್ಲಿ ಮೀಸಲಾತಿಯ ಸೌಲಭ್ಯ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲಿಯೇ ಹೇಳಿದೆ. ಪಡಿತರ ಚೀಟಿ ದೇಶದೆಲ್ಲೆಡೆ ನಡೆಯುತ್ತದೆ. ವಾಹನವನ್ನು ಮಾತ್ರ 12 ತಿಂಗಳು ಮೀರಿ ಅಲ್ಲಿಯೇ ಇಟ್ಟುಕೊಳ್ಳುವುದಾದರೆ ಇಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿ ಮರುನೋಂದಣಿ ಮಾಡಿಸಬೇಕು.

ಇಷ್ಟೆಲ್ಲ ಒಪ್ಪಿಗೆಯಾದ ಮೇಲೂ ಕೂಡಲೇ ಕ್ರಯಕ್ಕೆ ಕೈಹಾಕಬೇಡಿ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆ ಮನೆ ಹಿಡಿದು, ಆ ಅವಧಿಯಲ್ಲಿ ಬೇಸಿಗೆಯೂ ಮಳೆಗಾಲವೂ ಪೂರ್ತಿಯಾಗಿ ಬರುವಂತೆ ಜನವರಿಯಲ್ಲಿಯೇ ಹೋಗಿ ಸೇರಿಕೊಳ್ಳಿ. ಇಲ್ಲಿನ ಮನೆಯನ್ನು ಮಾರದೆ ಬೀಗ ಹಾಕಿ, ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು ಹೋಗಿ.