ಟಾರ್ಕ್ ರೆಂಚ್ ಕೊಳ್ಳೋ ಮುಂಚೆ
ಮುಂಬೈನ ಹಾರ್ಡ್‌ವೇರ್ ಬಜಾರ್ ನಾಗದೇವಿ ಸ್ಟ್ರೀಟಿಗೆ ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿಯಬೇಕೋ ಅಷ್ಟಕ್ಕೆ ಸೆಟ್ ಮಾಡೋ ಪಾನಾ) ತರೋಕೆ ಹೊರಟವರು ಮೊದಲು ಗಾಡಿಯ ಮ್ಯಾನ್ಯುಯಲ್ ನೋಡಿಕೊಳ್ಳಿ. ಕಾರಿನ ಚಕ್ರದ ನಟ್‌ಗಳಿಗೆ ಟಾರ್ಕ್, ಅಂದ್ರೆ ತಿರುಗಿಸಿ ಬಿಗಿಯೋ ಬಲ, ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರೋ ಚೌಕ ತುದಿ), 40–200 ರೇಂಜಿನ ಕ್ಲಿಕ್ ರೆಂಚ್ (ಸೆಟ್ ಮಾಡಿದ ಟಾರ್ಕ್ ಮುಟ್ಟಿದಾಗ ಕ್ಲಿಕ್ ಅನ್ನೋದು) ಸರಿಹೋಗುತ್ತೆ. ಅದನ್ನೇ ಬೈಕಿನ ಆಯಿಲ್ ಡ್ರೈನ್ ಬೋಲ್ಟಿಗೆ ಹಾಕಬೇಡಿ. ಅಲ್ಲಿ ಬೇಕಿರೋದು ಇಪ್ಪತ್ತು-ಮೂವತ್ತು ಅಷ್ಟೆ. ಕ್ಲಿಕ್ ಬರೋ ಹೊತ್ತಿಗೆ ಅಲ್ಯೂಮಿನಿಯಂ ಥ್ರೆಡ್ ಕಿತ್ತಿರುತ್ತೆ! ಅದಕ್ಕೆ 3/8 ಇಂಚಿನ ಚಿಕ್ಕದು ಬೇರೆ ಬೇಕು.

ಚಕ್ರದ ಥ್ರೆಡ್ ಒಣಗಿರಲಿ. ಎಣ್ಣೆ ಸವರಿದರೆ ಅದೇ ಟಾರ್ಕಿಗೆ ಬೋಲ್ಟ್ ಹೆಚ್ಚು ಬಿಗಿಯುತ್ತೆ. ಒಂದು ಕ್ಲಿಕ್ ಬಂತಾ, ನಿಲ್ಲಿಸಿ. ‘ಇನ್ನೊಂದ್ಸಲ ಇರಲಿ’ ಅನ್ನೋ ಚಪಲ ಬೇಡ. ನಟ್ ಬಿಚ್ಚೋಕೆ ಹಳೇ ಪಾನಾ ಸಾಕು. ಕೆಲಸ ಮುಗಿದ ಮೇಲೆ ಹಿಡಿಯನ್ನು ಸ್ಕೇಲಿನ ಕನಿಷ್ಠ ಅಂಕಿಗೆ ತಿರುಗಿಸಿ, ಅದಕ್ಕಿಂತ ಕೆಳಗಲ್ಲ. ಮುಂಬೈ ಮಳೆಗಾಲದಲ್ಲಿ ಎಣ್ಣೆ ಬಟ್ಟೆಯಿಂದ ಒರೆಸಿ ಡಬ್ಬಿಯಲ್ಲೇ ಇಡಿ.